ಹೊಳೆಗೆ ಬಿಟ್ಟ ಚೀಲ

"ಏನ್ರಿ ಅದು... ಹೊಳಿಗೆ ಹಾಕಿದ್ದು?"

ಬೆನ್ನ ಹಿಂದೆಯೇ ಬಂದ ದನಿಗೆ ರೂಪಶ್ರೀಯ ಜೀವ ಬಾಯಿಗೆ ಬಂತು. ಹರಿಹರದ ಹಳೆಯ ಸೇತುವೆಯ ಮೇಲೆ ಆ ಸಂಜೆ ಬೇರೆ ಯಾರೂ ಇರಲಿಲ್ಲ. ಕೆಳಗೆ ತುಂಗಭದ್ರೆಯ ಕೆಂಪು ನೀರಿನಲ್ಲಿ ಅವಳು ಈಗಷ್ಟೇ ತಳ್ಳಿದ ಗೋಣಿಚೀಲ ಮುಳುಗುತ್ತಾ ಏಳುತ್ತಾ ಸಾಗುತ್ತಿತ್ತು.

"ಹ... ಹಳೇ ಬಟ್ಟೆ!"

ಆತ ನಂಬಲಿಲ್ಲ. ಬೈಯಲೂ ಇಲ್ಲ. ಚೀಲವನ್ನೇ ನೋಡುತ್ತಾ ಮೆಲ್ಲಗೆ ಹೇಳಿದ.

"ಅದು ಗುಡಿ ಹಿಂದಿನ ಮೆಟ್ಲಿಗೆ ಬರಲ್ರಿ. ಕೆಳಗೆ ಮರಳುದಿಬ್ಬ ಐತಲ್ಲ, ಅಲ್ಲಿ ಸಿಗತೈತೆ."

ಗುಡಿಯ ಹಿಂದಿನ ಮೆಟ್ಟಿಲು... ಇವನಿಗೆ ಹೇಗೆ ಗೊತ್ತು?!

ದಾವಣಗೆರೆಯ ಬಟ್ಟೆ ವ್ಯಾಪಾರಿಯ ಮಗಳು ರೂಪಶ್ರೀ, ಮನೆಯಲ್ಲಿ ಯಾರಿಗೂ ತಿಳಿಯದಂತೆ 'ನಿಶಾಚರಿ' ಎಂಬ ಹೆಸರಿನಲ್ಲಿ ಕಥೆಗಳ ಆ್ಯಪ್‌ನಲ್ಲಿ ಪತ್ತೇದಾರಿ ಧಾರಾವಾಹಿ ಬರೆಯುತ್ತಿದ್ದಳು. ಮಗಳು ಮೊಬೈಲಿನಲ್ಲಿ ಸೀರೆ ನೋಡುತ್ತಾಳೆಂದೇ ಅಮ್ಮ ಸರ್ವಮಂಗಳಮ್ಮನ ನಂಬಿಕೆ. ಪಾಪ, ಮಗಳು ಹೆಣ ಎಲ್ಲಿ ತೇಲಿಸಲಿ ಎಂದು ನೋಡುತ್ತಿದ್ದಳು!

ಹೋದ ಸಂಚಿಕೆಯ ಹೆಣ ಹರಿಹರದ ಗುಡಿಯ ಹಿಂದಿನ ಮೆಟ್ಟಿಲಿಗೆ ಬಂದು ತಾಗಿತ್ತು. 'ಹೊಳೆ ಅಲ್ಲಿಗೆ ತಂದು ಬಿಡೋದಿಲ್ಲ' ಎಂದು ಯಾರೋ ಕಾಮೆಂಟ್ ಹಾಕಿದ್ದರು. ಅದು ಅವಳಿಗೆ ಮುಳ್ಳಿನಂತೆ ಚುಚ್ಚಿತ್ತು. ಚೀಲಕ್ಕೆ ಭತ್ತದ ಹೊಟ್ಟು, ಮರಳು ತುಂಬಿ ತಾನೇ ಪರೀಕ್ಷೆ ಮಾಡಲು ಬಂದಿದ್ದಳು. ಎದುರಿಗಿರುವವನೂ ಓದುಗನಿರಬಹುದು ಎಂಬ ಸರಳ ಊಹೆ ಮಾತ್ರ ಆ ಪತ್ತೇದಾರಿ ತಲೆಗೆ ಹೊಳೆಯಲೇ ಇಲ್ಲ.

ಆತ ದಡಕ್ಕಿಳಿದು ಹೋದ. ಅವಳು ದೂರದಿಂದಲೇ ಹಿಂಬಾಲಿಸಿದಳು.

ಚೀಲ ಅವನು ಹೇಳಿದ ದಿಬ್ಬಕ್ಕೇ ಬಂದು ನಿಂತಿತು! ಅವನು ಸೊಂಟದವರೆಗಿನ ನೀರಿಗಿಳಿದು ಅದನ್ನು ಎಳೆದು, ಬಾಯಿ ಬಿಚ್ಚಿ, ಒಳಗೆ ಕೈ ಹಾಕಿದ. ಬರೀ ಹೊಟ್ಟು. ಹಾಗೇ ಕುಸಿದು ಕೂತ. ಅವಳಿಗೆ ಕಂಡದ್ದು ಅವನ ಬೆನ್ನು ಮಾತ್ರ. ಭುಜಗಳು ಕುಲುಕುತ್ತಿದ್ದವು.

'ನಗುತ್ತಿದ್ದಾನೆ... ದೇವರೇ, ಇವನು ನಗುತ್ತಿದ್ದಾನೆ!'

ಆ ಬೆನ್ನು ಅವಳನ್ನು ನಿದ್ದೆಗೆ ಬಿಡಲಿಲ್ಲ. ಹೊಳೆಗೆ ಬಿದ್ದದ್ದು ಎಲ್ಲಿ ಸಿಗುತ್ತದೆಂದು ಅಷ್ಟು ಖಚಿತವಾಗಿ ಯಾರಿಗೆ ಗೊತ್ತಿರುತ್ತದೆ? ಮೊದಲೇ ಹಾಕಿ ನೋಡಿದವನಿಗೆ!

ವಿಚಾರಿಸಿದಾಗ ಹೆಸರು ಸಿಕ್ಕಿತು. ಕಾಂತರಾಜ್, ಹರಿಹರದಲ್ಲಿ ಮೋಟಾರ್ ರಿಪೇರಿ ಅಂಗಡಿ. ಮನೆಯ ಮಿಕ್ಸಿ ಹೊತ್ತುಕೊಂಡು ಹೋದಳು.

"ಕೂಡ್ರಿ," ಎಂದು ಸ್ಟೂಲ್ ಒರೆಸಿ ಕೊಟ್ಟ. ಚಹಾ ತರಿಸಿದ. ಸೇತುವೆಯ ಮಾತೇ ಎತ್ತಲಿಲ್ಲ.

'ಕೊಲೆಗಾರನ ಕಣ್ಣುಗಳು ಇಷ್ಟು ಮೆತ್ತಗಿರುತ್ತವಾ?'

ಮತ್ತೆ ಹೋದಳು, ಮತ್ತೆ ಮತ್ತೆ ಹೋದಳು. "ಇನ್ನೂ ಆಗಿಲ್ರಿ, ನಾಳೆ ಬರ್ರಿ" ಎನ್ನುತ್ತಿದ್ದ. ಆ 'ನಾಳೆ'ಗಾಗಿ ಕಾಯತೊಡಗಿದ್ದೇನೆಂದು ಅರಿವಾದಾಗ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

ಒಂದು ದಿನ ಮೂಲೆಯಲ್ಲಿ ಧೂಳು ಹಿಡಿದ ಸ್ಕೂಟಿ ಕಂಡಿತು. ಕನ್ನಡಿಗೆ ಹುಡುಗಿಯ ಕೂದಲಿನ ಕ್ಲಿಪ್ಪು ಸಿಕ್ಕಿಸಿತ್ತು. ಕೈ ಚಾಚಿದಳು.

"ಮುಟ್ಟಬ್ಯಾಡ್ರಿ!"

ಅವನು ಕೂಗಿದ್ದು ಅದೇ ಮೊದಲು. ರೂಪಶ್ರೀ ನೆಟ್ಟಗೆ ಮನೆಗೆ ಬಂದಳು. ಅಂದೇ ಸಂಚಿಕೆ ಬರೆದಳು: ಹರಿಹರದ ಹೊಳೆದಂಡೆಯ ಮೆಕ್ಯಾನಿಕ್, ಅವನ ಅಂಗಡಿಯಲ್ಲಿ ಕಾಣೆಯಾದ ಹುಡುಗಿಯ ಗಾಡಿ, ದಿಬ್ಬದ ಮೇಲೆ ಕೂತು ನಗುವ ಬೆನ್ನು. ಓದುಗರು ಹುಚ್ಚೆದ್ದು ಹೋದರು. 'ಅವನೇ ಕೊಲೆಗಾರ! ಗಲ್ಲಿಗೆ ಹಾಕಿ!'

ಮನಸ್ಸು ತಡೆಯದೆ ಎರಡು ದಿನ ಬಿಟ್ಟು ಮತ್ತೆ ಹರಿಹರಕ್ಕೆ ಹೋದಳು. ಅಂಗಡಿ ಮುಚ್ಚಿತ್ತು. ಶಟರ್ ಮೇಲೆ ಕೆಂಪು ಬಣ್ಣದಲ್ಲಿ ಯಾರೋ ಬರೆದಿದ್ದರು: 'ತಂಗಿ ಎಲ್ಲಿ?'

ಪಕ್ಕದ ಚಹಾದಂಗಡಿಯ ಮಕ್ತುಮ್ ಸಾಬ್ ಗೊಣಗುತ್ತಿದ್ದರು.

"ಮೊಬೈಲ್‌ನಾಗೆ ಯಾರೋ ಮನೆಹಾಳರು ಕಥೆ ಬರೆದವ್ರಮ್ಮ. ಅದನ್ನ ಓದಿ ಇವನೇ ತಂಗೀನ ಹೊಳಿಗೆ ಹಾಕಿದ್ದು ಅಂತಾರೆ ಜನ. ಆ ಹುಡುಗಿ ಆಶಾ... ಹೋದ ಮಳೆಗಾಲದಾಗೆ ಗಾಡಿ ಸೇತುವೆ ಮ್ಯಾಲೆ ಸಿಕ್ತು, ಹುಡುಗಿ ಸಿಗಲಿಲ್ಲ. ಅವತ್ತಿಂದ ಕಾಂತರಾಜ ದಿನಾ ಹೊಳೆ ಕಾಯ್ತಾನೆ. ಏನು ತೇಲಿ ಬಂದ್ರೂ ಎಳೆದು ನೋಡ್ತಾನೆ, ಅತ್ತು ಬರ್ತಾನೆ."

ಅತ್ತು...!

ರೂಪಶ್ರೀ ಅದನ್ನೇ ನಗು ಎಂದುಕೊಂಡಿದ್ದಳಲ್ಲ!

"ಈಗೆಲ್ಲಿದ್ದಾರೆ?"

"ಮತ್ತೆಲ್ಲಿ, ಸೇತುವೆ ಮ್ಯಾಗೆ. ಇವತ್ತು ಅವನ ಮುಖ ಸರಿ ಇರಲಿಲ್ಲಮ್ಮ..."

ಅವಳು ಓಡಿದಳು. ಹೊತ್ತು ಮುಳುಗುತ್ತಿತ್ತು. ಕಾಂತರಾಜ್ ಕಂಬಿಗೆ ಎದೆಯೊರಗಿಸಿ ನೀರಿನ ಮೇಲೆ ಬಾಗಿ ನಿಂತಿದ್ದ. ಹಿಂದಿನಿಂದ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ಮುಂದಿನ ಸಂಚಿಕೆ ಬರೆದ್ರಾ?" ತಿರುಗದೇ ಕೇಳಿದ.

"ನಿಮಗೆ... ಗೊತ್ತಿತ್ತಾ?"

"ಚೀಲ ಹಾಕಿದ ದಿನಾನೇ. ಆ ಕಾಮೆಂಟ್ ನಂದೇ ರೀ. ಆದ್ರೆ ಬೇರೆ ಯಾರಾದ್ರೂ ಆಗಿದ್ರೂ ನಿಮ್ಮ ಹಿಂದೆ ಬಂದು ನಿಲ್ತಿದ್ದೆ. ಈ ಕಂಬಿಗೆ ಯಾರು ಬಾಗಿದ್ರೂ ನನ್ನ ಜೀವ ನಿಲ್ಲಂಗಿಲ್ಲ."

"ಬೈಯಿರಿ ನನಗೆ! ಇಷ್ಟೆಲ್ಲಾ ಆದ್ಮೇಲೂ ಯಾಕ್ ಸುಮ್ನಿದ್ದೀರಿ?"

"ನಿಮ್ಮ ಕಥೆಯಾಗೆ ಕೊನಿಗೆ ಎಲ್ರೂ ಸಿಗ್ತಾರೆ. ಸತ್ತಾದ್ರೂ ಸಿಗ್ತಾರೆ. ಅದಕ್ಕೇ ಓದ್ತೀನಿ."

ಅವಳಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಮೊಬೈಲ್ ತೆಗೆದು ಅವನೆದುರೇ ಆ ಸಂಚಿಕೆ ಅಳಿಸಿದಳು. ಆ ಜಾಗದಲ್ಲಿ ಬರೆದಳು: 'ತಂಗಿಗಾಗಿ ಅಳುತ್ತಿದ್ದವನನ್ನು ನೋಡಿ ನಗುತ್ತಿದ್ದಾನೆಂದು ಬರೆದೆ. ತಪ್ಪು ನನ್ನದು. ಇಂತಿ, ರೂಪಶ್ರೀ, ದಾವಣಗೆರೆ.'

ಕಾಂತರಾಜ್ ಗಾಬರಿಯಾದ. "ನಿಜವಾದ ಹೆಸರಾ? ನಿಮ್ಮ ಮನಿಯಾಗೆ ಗೊತ್ತಾದ್ರೆ?"

"ಗೊತ್ತಾಗ್ಲಿ. ನಾಳೆ ಬಂದು ಆ ಶಟರ್ ನಾನೇ ತೊಳೀತೀನಿ."

ಆಗ ಕೆಳಗೆ ಏನೋ ಕಪ್ಪಗೆ ತೇಲಿ ಬಂತು. ಉದ್ದಕ್ಕೆ, ಮಲಗಿದಂತೆ. ಅವನ ಬೆರಳುಗಳು ಅವಳ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದವು. ಸೇತುವೆಯ ನೆರಳು ದಾಟಿದ ಮೇಲೆ ಕಂಡಿತು, ಮರದ ಬೊಡ್ಡೆ.

ಕೈ ಮಾತ್ರ ಬಿಡಲಿಲ್ಲ ಇಬ್ಬರೂ.

"ಆ ಮಿಕ್ಸಿ ಕೆಟ್ಟಿರ್ಲಿಲ್ಲ," ಎಂದಳು ಅವಳು.

"ಗೊತ್ತಿತ್ತು. ಅದಕ್ಕೇ ಬೇಗ ಕೊಡಲಿಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಕತ್ತಲಾತು, ಮನೀಗೆ ಹೋಗ್ರಿ. ನಾನು ಇನ್ನೊಂದು ಚೂರು ನಿಂತಿರ್ತೀನಿ."

"ನಾನೂ ನಿಲ್ತೀನಿ."

"ದಿನಾ ನಿಲ್ಲಾಕಾಗತೈತೇನ್ರಿ?"

"ನೀವು ನಿಲ್ಲೋಷ್ಟು ದಿನಾನೂ."

"ಅವಳು ಸಿಗಲೇ ಇಲ್ಲಂದ್ರೆ?"

ರೂಪಶ್ರೀ ಅವನ ಭುಜಕ್ಕೆ ತಲೆಯಿಟ್ಟಳು.

"ಆಗ್ಲೂ ನಿಮ್ಮನ್ನ ಮನೆಗೆ ಕರ್ಕೊಂಡು ಹೋಗೋಕೆ ನಾನು ಇಲ್ಲೇ ಇರ್ತೀನಿ."