ತುಂಬೆಯ ಕರು

ಅವನ ಫ್ಲಾಸ್ಕಿನಲ್ಲಿ ಕಾಫಿ ಇದೆಯೆಂದೇ ಅನುಸೂಯ ತಿಳಿದಿದ್ದಳು. ತಿಳಿದು ಸಿಟ್ಟು ಕೂಡ ಮಾಡಿಕೊಂಡಿದ್ದಳು.

ಮಾದಿಹಳ್ಳಿಯ ತಿಮ್ಮಯ್ಯನ ಅಂಗಳಕ್ಕೆ ಆ ಮಾಘದ ಬೆಳಿಗ್ಗೆ ಸೈಕಲ್ ತಂದು ನಿಲ್ಲಿಸಿದವನು ಅನಂತರಾಮು, ದನದ ಆಸ್ಪತ್ರೆಗೆ ಹೊಸದಾಗಿ ಬಂದ ಸ್ಟಾಕ್‌ಮನ್. ಬೇಲೂರಿನವನು, ಅವನ ತಂದೆ ಚೆನ್ನಿಗರಾಯನ ಗುಡಿಯಲ್ಲಿ ಪ್ರಸಾದದ ಅಡಿಗೆ ಮಾಡುವವರು. ಇಷ್ಟನ್ನು ತಿಮ್ಮಯ್ಯ ಹಿಂದಿನ ದಿನವೇ ಮಗಳು ಅನುಸೂಯಳಿಗೆ ಹೇಳಿದ್ದ. ಹಾಗಾಗಿ ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಬಿದ್ದ ಫ್ಲಾಸ್ಕ್ ಕಂಡಕೂಡಲೇ ಅವಳು ತೀರ್ಮಾನ ಮಾಡಿಬಿಟ್ಟಳು: ಗುಡಿಯ ಮನೆಯವರು, ಒಕ್ಕಲು ಮನೆಯ ಕಾಫಿ ಮುಟ್ಟುವವರಲ್ಲ, ತಮ್ಮದನ್ನು ತಾವೇ ಕಟ್ಟಿಕೊಂಡು ಬಂದಿದ್ದಾರೆ.

"ನಮ್ಮನೆ ಕಾಪಿ ಸೇರಾಕಿಲ್ಲ, ಸರಿ. ನೀರಾದ್ರೂ ಕುಡೀತೀರಾ, ಇಲ್ಲ ಅದನ್ನೂ ಅದ್ರಲ್ಲೇ ತಂದಿದ್ದೀರಾ?" ಎಂದಳು.

ಅವನು ಫ್ಲಾಸ್ಕನ್ನು ನೋಡಿದ, ಅವಳನ್ನು ನೋಡಿದ, ಕಿವಿಯವರೆಗೂ ಕೆಂಪಾದ. ಅದರೊಳಗೆ ಐಸಿನ ನಡುವೆ ಗಾಜಿನ ಕೊಳವೆಗಳಲ್ಲಿದ್ದದ್ದು ಹಸುಗಳಿಗೆ ಗಬ್ಬ ಕಟ್ಟಿಸಲು ತಂದ ಹೋರಿಯ ಬೀಜ. ಹಾಸನದಿಂದ ಮೊದಲ ಬಸ್ಸಿಗೆ ಬಂದದ್ದು. ಮದುವೆಯಾಗದ ಹುಡುಗಿಯ ಮುಂದೆ ಅದನ್ನು ಹೇಗೆ ತಾನೇ ಹೇಳುವುದು? "ಕಾಫಿ ಅಲ್ಲಾರೀ, ಅದು ಔಷಧಿ," ಎಂದು ನೆಲ ನೋಡಿದ. ಕೊಟ್ಟಿಗೆಯೊಳಗಿಂದ ತಿಮ್ಮಯ್ಯ ಬಿದ್ದು ಬಿದ್ದು ನಕ್ಕ. ವಿಷಯ ಹೊಳೆದಾಗ ಅನುಸೂಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಕಾಫಿಯನ್ನು ಮಾತ್ರ ತಾಯಿ ಬೋರಮ್ಮನ ಕೈಲಿ ಕಳಿಸಿದಳು. ಅವನು ಕುಡಿದ. ಕುಡಿದು ಇನ್ನೊಂದು ಲೋಟ ಕೇಳಿದ. ಬಾಗಿಲ ಸಂದಿಯಲ್ಲಿ ನಿಂತಿದ್ದವಳಿಗೆ ಆ ಎರಡನೆಯ ಲೋಟವೇ ಸಾಕಾಯಿತು ಅನ್ನಿ.

ಅದೇ ಸಂದಿಯಿಂದ ಅವಳು ಇನ್ನೊಂದನ್ನೂ ನೋಡಿದಳು. ಅವನು ಬಂದಿದ್ದದ್ದು ತುಂಬೆಗಾಗಿ. ತುಂಬೆ ಅವಳು ಕೈಯಾರೆ ಸಾಕಿದ ಕಡಸು, ಹೆಸರಿನ ಹೂವಿನಂತೆಯೇ ಬೆಳ್ಳಗೆ, ಪುಟ್ಟದು, ಇನ್ನೂ ಮೊದಲ ಗಬ್ಬ ಕಾಣಬೇಕಾದದ್ದು. ಅವನು ಅದರ ಸೊಂಟದ ಮೇಲೆ ಕೈಯಾಡಿಸಿ, "ಸ್ವಲ್ಪ ಚಿಕ್ಕದು," ಎಂದು ತನ್ನಷ್ಟಕ್ಕೆ ಅಂದುಕೊಂಡ. ಆಮೇಲೆ ಅವಳು ನಿಂತಿದ್ದ ಬಾಗಿಲ ಕಡೆ ಕಣ್ಣು ಹಾಯಿಸಿ, ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ಸೀಮೆ ಹೋರಿಯದೇ ಹಾಕುತ್ತೇನೆ, ಹುಟ್ಟುವ ಕರು ಹೆಣ್ಣಾದರೆ ಮನೆತುಂಬ ಹಾಲು ಎಂದು ತಿಮ್ಮಯ್ಯನಿಗೆ ಹೇಳಿದ. ಚೀನಾ ಯುದ್ಧ ಮುಗಿದ ಮರುವರ್ಷ ಅದು. ಊರೂರಿಗೆ ಸೀಮೆ ತಳಿ ಬರಬೇಕೆಂದು ಸರ್ಕಾರದವರು ಹೇಳುತ್ತಿದ್ದ ಕಾಲ, ತಿಮ್ಮಯ್ಯ ತಲೆಯಾಡಿಸಿದ.

ಆಮೇಲೆ ಅವನು ವಾರ ವಾರ ಬರತೊಡಗಿದ. ಸೀಮೆ ಗಬ್ಬಕ್ಕೆ ತಪಾಸಣೆ ಜಾಸ್ತಿ ಬೇಕಂತೆ. ತುಂಬೆಯ ಹೊಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಕೇಳುವನು. ಕಣ್ಣು ಬಿಟ್ಟಾಗ ಹಸುವಿನ ಆಚೆ ಬದಿಯಲ್ಲಿ, ಬೆನ್ನಿನ ಮೇಲಿಂದ, ಅವಳ ಕಣ್ಣುಗಳು ಕಾಣುತ್ತಿದ್ದವು.

"ಏನು ಕೇಳ್ತದೆ ಅಷ್ಟೊತ್ತು?"

"ನಿಮ್ಮ ಬಳೆ ಸದ್ದು. ಅದು ನಿಂತರೆ ಕರುದು ಕೇಳುತ್ತೆ."

ಅವಳು ಬೇಕೆಂದೇ ಇನ್ನಷ್ಟು ಬಳೆ ಆಡಿಸಿದಳು.

ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿದ್ದ ಹಳೆಯ ಹಗ್ಗಗಳು ಯಾಕೆಂದು ಅವನು ಒಮ್ಮೆ ಕೇಳಿದ. ಮಾರಿದ ದನಗಳವು ಎಂದಳು. ದನ ಮಾರಿದರೆ ಅದರ ಹಗ್ಗವನ್ನು ಯಾರೂ ಕೊಡುವುದಿಲ್ಲ. ಕೊಂಡವರು ತಮ್ಮ ಹಗ್ಗ ಹಾಕಿ ಹೊಡೆದುಕೊಂಡು ಹೋಗಬೇಕು. ಹಗ್ಗ ಹೋದರೆ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ. ಮನೆಮಗಳಿಗೆ ಮದುವೆಯಲ್ಲಿ ಕೊಡುವ ಹಸು ಮಾತ್ರ ಹಗ್ಗದ ಸಮೇತ ಹೋಗುವುದು, ಯಾಕೆಂದರೆ ಅದು ಮಾರಿದ್ದಲ್ಲ, ಮಗಳ ಮನೆಯೂ ನಮ್ಮದೇ.

"ನಿಮ್ಮ ಜೊತೆ ಯಾವುದು ಹೋಗುತ್ತೆ?"

"ತುಂಬೇನೇ. ಹುಟ್ಟಿದಾಗ್ಲೇ ಅಪ್ಪ ಹೇಳೈತೆ."

ತುಂಬೆ ಬೇಲೂರಿಗೆ ಬಂದರೆ ಮೇವಿಗೇನು ಮಾಡುವುದೋ ಎಂದು ಅವನು ಹಗ್ಗವನ್ನು ನೋಡುತ್ತಾ ಹೇಳಿದ. ಅವಳು ಕೇಳಿಸದವಳಂತೆ ಹುಲ್ಲು ಎಳೆದು ಹಾಕುತ್ತಿದ್ದಳು. ಬೇಲೂರಿನ ಗುಡಿಯ ಮನೆಗೆ ಮಾದಿಹಳ್ಳಿಯ ಒಕ್ಕಲ ಮಗಳು ಸೊಸೆಯಾಗಿ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಆದರೂ ಅವತ್ತು ತುಂಬೆಗೆ ಎಂದಿಗಿಂತ ಹೆಚ್ಚು ಹುಲ್ಲು ಬಿತ್ತು.

ಇನ್ನೊಂದು ದಿನ ಅವನು ಅವಳನ್ನು ಹೆದರಿಸಲೆಂದು, ತಾನು ಕಾಲೇಜಿನಲ್ಲಿ ಓದಿದ್ದ ಹಳೆಯ ಇಂಗ್ಲಿಷ್ ಕಾದಂಬರಿಯೊಂದರ ಕಥೆ ಹೇಳಿದ. ಒಬ್ಬ ಭಾರಿ ಓದಿದವನು ಸತ್ತವರ ಅಂಗಾಂಗ ಕೂಡಿಸಿ ಮನುಷ್ಯನನ್ನು ಮಾಡುತ್ತಾನೆ. ಅದು ಕಣ್ಣು ಬಿಟ್ಟು ಅವನ ಕಡೆ ಕೈ ಚಾಚುತ್ತದೆ. ಅದರ ರೂಪಕ್ಕೆ ಹೆದರಿ ಅವನು ಓಡಿಹೋಗುತ್ತಾನೆ. ಅವಳು ಹೆದರಲಿಲ್ಲ. ಅದಕ್ಕೆ ಏನು ಹೆಸರಿಟ್ಟ ಎಂದು ಕೇಳಿದಳು.

"ಹೆಸರಿಲ್ಲ. ಕಥೆ ಮುಗಿಯೋ ತನಕ ಅವನು ಇಡೋದೇ ಇಲ್ಲ."

"ಮಾಡ್ದೋನು ಒಂದು ಹೆಸರೂ ಇಡ್ದಂಗೆ ಬಿಟ್ಟೋದ್ನಾ? ಎಂಥಾ ಗಂಡಸು ಅವ್ನು?"

ಬರೀ ಕಥೆ ಕಣ್ರೀ ಎಂದು ಅವನು ನಕ್ಕ. ಅವಳು ನಗಲಿಲ್ಲ. ಯಾರೂ ಹೆಸರು ಹಿಡಿದು ಕರೆಯದ ಆ ಜೀವ ರಾತ್ರಿಯೆಲ್ಲ ಎಲ್ಲಿ ಮಲಗುತ್ತಿತ್ತೋ ಎಂದು ಅವಳಿಗೆ ಚಿಂತೆಯಾಗಿತ್ತು.

ಕಾರ್ತಿಕದ ಒಂದು ಬೆಳಿಗ್ಗೆ ತುಂಬೆಗೆ ನೋವು ಬಂತು. ಬಿಸಿಲೇರಿದರೂ ಕರು ಬರಲಿಲ್ಲ. ಹೇಳಿಕಳಿಸಿದಾಗ ಅನಂತರಾಮು ಸೈಕಲ್ಲನ್ನು ಅಂಗಳದಲ್ಲೇ ಕೆಡವಿ ಓಡಿಬಂದ. ಅವನೂ ತಿಮ್ಮಯ್ಯನೂ ಪಕ್ಕದ ಮನೆಯ ಬೋರಯ್ಯನೂ ಸೇರಿ ಎಳೆದರು. ಅನುಸೂಯ ತುಂಬೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಧ್ಯಾಹ್ನ ಕರು ಹೊರಗೆ ಬಂತು. ತುಂಬೆ ಅದನ್ನು ನೆಕ್ಕಲಿಲ್ಲ. ಕತ್ತು ಹೊರಳಿಸಿ ಒಮ್ಮೆ ಅನುಸೂಯಳನ್ನು ನೋಡಿತು, ಅಷ್ಟೇ, ಉಸಿರು ನಿಂತಿತು.

ಹೋರಿಗರು. ತುಂಬೆಯಂಥ ತಾಯಿಯ ಹೊಟ್ಟೆಯಲ್ಲಿ ಅದು ಹಿಡಿದದ್ದಾದರೂ ಹೇಗೆ ಅನ್ನಿಸುವಷ್ಟು ದೊಡ್ಡದು. ಮೈ ಕಂದು, ಮೂತಿ ಕಪ್ಪು, ಹಣೆ ಅಗಲ. ಹೆಗಲ ಮೇಲೆ ಡುಬ್ಬದಂಥ ಇಣಿ ಇರಬೇಕಾದ ಕಡೆ ಬರೀ ಬೋಳು. ಅದು ತಡವರಿಸುತ್ತಾ ಎದ್ದು, ತಾಯಿಯನ್ನು ದಾಟಿ, ನೇರವಾಗಿ ಅನಂತರಾಮುವಿನ ಹತ್ತಿರ ಹೋಗಿ ಅವನ ಅಂಗಿಯ ತುದಿಯನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು.

ಅವನು ಅಂಗಿ ಕಿತ್ತುಕೊಂಡು ಹಿಂದೆ ಸರಿದ. ಅವನ ಮುಖ ಸುಣ್ಣದ ಗೋಡೆಯಾಗಿತ್ತು. ಕೈ ಕೂಡ ತೊಳೆಯದೆ ಸೈಕಲ್ ಎತ್ತಿಕೊಂಡು ಹೊರಟುಹೋದ. ಅನುಸೂಯ ಬೀದಿಯ ತಿರುವಿನವರೆಗೂ ನೋಡಿದಳು. ಅವನು ತಿರುಗಿ ನೋಡಲಿಲ್ಲ.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಾನೇ ಕೇಳಿಕೊಂಡು ಅರಸೀಕೆರೆಗೆ ವರ್ಗ ಮಾಡಿಸಿಕೊಂಡನೆಂದು ಹಳೇಬೀಡಿನ ಬಸ್ಸಿನಲ್ಲಿ ಬಂದವರು ಹೇಳಿದರು.

ಕರುವನ್ನು ಅನುಸೂಯ ಸಾಕಿದಳು. ಬೋರಯ್ಯನ ಮನೆಯಿಂದ ಹಾಲು ಬೇಡಿ ತಂದು, ಬಟ್ಟೆ ಅದ್ದಿ ಚೀಪಿಸಿದಳು. ನೋಡಲು ಬಂದವರೆಲ್ಲ ಏನಾದರೊಂದು ಅಂದೇ ಹೋದರು. ತಾಯಿಯನ್ನು ತಿಂದು ಹುಟ್ಟಿದ್ದು, ಮನೆಗಾಗದು ಎಂದರು. ಇಣಿಯಿಲ್ಲದ ಹೋರಿಗೆ ನೊಗ ಎಲ್ಲಿ ನಿಲ್ಲುತ್ತೆ, ಉಳುಮೆಗೂ ಇಲ್ಲ ಗಾಡಿಗೂ ಇಲ್ಲ ಎಂದರು. ಬೀದಿಯ ಮಕ್ಕಳು ಅದರ ಬೋಳು ಹೆಗಲಿಗೆ ಗುರಿಯಿಟ್ಟು ಕಲ್ಲೆಸೆದರು. ಅದಕ್ಕೆ ಮಾತ್ರ ಮನುಷ್ಯರೆಂದರೆ ಪ್ರೀತಿ. ಯಾರು ಹತ್ತಿರ ಬಂದರೂ ಬಟ್ಟೆಯ ತುದಿ ಬಾಯಿಗೆ ತೆಗೆದುಕೊಳ್ಳುತ್ತಿತ್ತು, ಏಟು ತಿನ್ನುತ್ತಿತ್ತು.

ಒಂದು ಹೆಸರಾದರೂ ಇಡೇ ಎಂದು ಬೋರಮ್ಮ ಹೇಳಿ ಸೋತಳು. ಅನುಸೂಯಳದು ಒಂದೇ ಮಾತು: ಇಡಬೇಕಾದವರು ಇಡಲಿ. ಊರಿಗೆಲ್ಲ ಅದು ಬರೀ 'ತುಂಬೆಯ ಕರು' ಆಗಿಯೇ ಉಳಿಯಿತು. ಬೀದಿಯಲ್ಲಿ ಸೈಕಲ್ ಬೆಲ್ ಕೇಳಿದರೆ ಕರುವೂ ಅವಳೂ ಒಟ್ಟಿಗೆ ಕತ್ತೆತ್ತುತ್ತಿದ್ದರು. ಎಂಥ ಹುಚ್ಚಿ ನಾನು ಎಂದು ಅವಳು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೆ ಕಾಯುವುದು ನಿಲ್ಲುತ್ತದೆಯೇ?

ಬೇಸಿಗೆ ಹೋಯಿತು, ಮಳೆ ಹೋಯಿತು. ರಾಗಿ ಕುಯ್ಲು ಮುಗಿಯುವ ಹೊತ್ತಿಗೆ ಗೆಂಡೆಹಳ್ಳಿಯಿಂದ ಗಂಡಿನ ಕಡೆಯವರು ಬಂದರು. ಒಳ್ಳೆಯ ಜನ, ತೆಂಗು ಗದ್ದೆ ಇದ್ದವರು. ಹುಡುಗ ಕರುವಿನ ಹಣೆ ಸವರಿ ಅಂಗಿ ಚೀಪಿಸಿಕೊಂಡು ನಕ್ಕದ್ದನ್ನು ಕಂಡಾಗ ಅನುಸೂಯ ಒಪ್ಪಿಕೊಂಡಳು. ಆದರೆ ಹುಡುಗನ ತಾಯಿ, ತಾಯಿಯನ್ನು ತಿಂದ ಕರು ಸೊಸೆಯ ಹಿಂದೆ ಬರುವುದು ಬೇಡ ಎಂದರು. ಲಗ್ನಕ್ಕೆ ಮೊದಲು ಅದನ್ನು ಅರಸೀಕೆರೆ ಸಂತೆಯಲ್ಲಿ ಕೊಟ್ಟುಬಿಡುವುದೆಂದು ತಿಮ್ಮಯ್ಯ ತೀರ್ಮಾನ ಮಾಡಿದ. ಅಂಥ ಹೋರಿಯನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಯಾತಕ್ಕೆ ಕೊಳ್ಳುತ್ತಾರೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮದುವೆಯ ಜವಳಿಗೆ ತಾನೂ ಬರುತ್ತೇನೆಂದು ಅನುಸೂಯ ಹೊರಟಳು. ಕರುವಿನ ಕೊರಳಿನ ಹೊಸ ಹಗ್ಗ ಬಿಚ್ಚಿ, ಗೂಟದಲ್ಲಿದ್ದ ತುಂಬೆಯ ಹಗ್ಗ ಕಟ್ಟಿದಳು. ತಿಮ್ಮಯ್ಯ ಅದನ್ನು ನೋಡಿ, ಎತ್ತು ಹೂಡಿದ. ದಾರಿಯಲ್ಲಿ ಜಾವಗಲ್ಲಿನ ನೆಂಟರ ಮನೆಯಲ್ಲಿ ಉಳಿದು, ಮಾರನೆಯ ದಿನ ಅರಸೀಕೆರೆ ಸೇರಿದಾಗ ಅವಳು ದನದ ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಪ್ಪ ಎಂದಳು. ಅವನು ಮಗಳ ಮುಖ ನೋಡಿ ಗಾಡಿ ನಿಲ್ಲಿಸಿದ. ಹೊಗೆಸೊಪ್ಪು ತರಬೇಕು, ಬತ್ತೀನಿ ಎಂದು ರಸ್ತೆ ದಾಟಿದ.

ಆಸ್ಪತ್ರೆಯ ಹೊಂಗೆ ಮರದ ನೆರಳಿನಲ್ಲಿ ಅನಂತರಾಮು ಕೈ ಒರೆಸಿಕೊಳ್ಳುತ್ತಿದ್ದ. ಸೊರಗಿದ್ದ. ಅವಳನ್ನು ಕಂಡು ಮುಂದೆ ಬರಹೋದವನು ಅವಳ ಹಿಂದಿದ್ದುದನ್ನು ಕಂಡು ಅಲ್ಲೇ ನಿಂತ. ಕರು, ಈಗ ಅವನ ಎದೆಯೆತ್ತರದ ಹೋರಿ, ಮೂಸಿತು. ಹತ್ತಿರ ಹೋಗಿ ಅವನ ಅಂಗಿಯ ತುದಿಯನ್ನು ಬಾಯಿಗೆ ತೆಗೆದುಕೊಂಡಿತು.

ಈ ಸಲ ಅವನು ಸರಿಯಲಿಲ್ಲ. ಅಂಗಿಯನ್ನು ಬಿಡಿಸಿಕೊಳ್ಳಲೂ ಇಲ್ಲ.

"ಹೆಸರೇನು ಇದರದು?" ಎಂದ.

"ಇಲ್ಲ. ಮಾಡ್ದೋರು ಇಡ್ಲಿ ಅಂತ ಬಿಟ್ಟಿದೀನಿ."

ಅವನು ಕರುವಿನ ಬೋಳು ಹೆಗಲ ಮೇಲೆ ಕೈಯಿಟ್ಟ. ಅವತ್ತೇ ನಂಗೆ ಗೊತ್ತಿತ್ತು ಎಂದ. ತುಂಬೆ ಚಿಕ್ಕದು, ಮೊದಲನೆಯ ಗಬ್ಬ. ಅಂಥದ್ದಕ್ಕೆ ಸೀಮೆ ಹೋರಿಯದು ಹಾಕಬಾರದೆಂದು ಟ್ರೈನಿಂಗಿನಲ್ಲಿ ಎಲ್ಲಕ್ಕಿಂತ ಮೊದಲು ಹೇಳಿಕೊಟ್ಟಿದ್ದರು. ನಾಟಿ ಹೋರಿಯದೂ ಫ್ಲಾಸ್ಕಿನಲ್ಲಿ ಇತ್ತು.

"ಇತ್ತಾ? ಮತ್ಯಾಕೆ?"

"ನಾಟೀದು ಹಾಕಿದ್ರೆ ನಾನು ಮತ್ತೆ ಬರೋ ಹಾಗಿರಲಿಲ್ಲ. ಸೀಮೇದಾದ್ರೆ ವಾರ ವಾರ ಬರಬಹುದಿತ್ತು." ಅವನು ಅವಳ ಕಡೆ ತಿರುಗಿದ. "ನಿಮ್ಮನ್ನ ನೋಡೋಕೆ."

ಈ ಮಾತಿಗಾಗಿ ಅವಳು ವರ್ಷವಿಡೀ ಕಾದಿದ್ದಳು. ಅದು ತುಂಬೆಯ ಸಾವನ್ನು ಕೈಹಿಡಿದುಕೊಂಡು ಬಂದಿತ್ತು. ಸಂತೋಷ ಯಾವುದು, ಸಂಕಟ ಯಾವುದು ಎಂದು ಬೇರೆ ಮಾಡಲಾಗದೆ ಅವಳು ಅತ್ತಳು. ವಾರ ವಾರ ಬಳೆ ಆಡಿಸುತ್ತಾ ನಿಂತಿದ್ದ ತನಗೂ ಅದರಲ್ಲಿ ಪಾಲಿದೆ ಎನಿಸಿತು.

"ತುಂಬೆ ಸತ್ತಿದ್ದಕ್ಕೆ ಅವತ್ತೇ ಅತ್ತು ಮುಗಿಸ್ದೆ," ಎಂದಳು. "ಇದು ನಿಮ್ಮ ಅಂಗಿ ಹಿಡ್ಕಂಡಾಗ ಕಿತ್ಕಂಡು ಹೋದ್ರಲ್ಲ, ತಿರುಗೂ ನೋಡ್ದಂಗೆ. ಅದಕ್ಕೆ ಅಳೋದು ಇನ್ನೂ ಮುಗಿದಿಲ್ಲ."

ಅವನೂ ಅಳುತ್ತಿದ್ದ. ಈಗಲೇ ಬಂದು ನಿಮ್ಮಪ್ಪನ ಹತ್ತಿರ ಮಾತಾಡುತ್ತೇನೆ, ಬೇಲೂರಿನಲ್ಲಿ ಏನಂದರೂ ಅನ್ನಲಿ ಎಂದ. ಅವಳು ತಲೆಯಲ್ಲಾಡಿಸಿದಳು. ಅವನು ಹೇಳುತ್ತಿರುವುದು ನಿಜವೆಂದು ಅವಳಿಗೆ ಗೊತ್ತಿತ್ತು. ಅದೇ ಹೆಚ್ಚು ನೋಯುತ್ತಿತ್ತು.

"ಗೆಂಡೆಹಳ್ಳಿಯೋರಿಗೆ ಮದುವೆಗೆ ಹೂಂ ಅಂದಿದೀನಿ, ಅದಕ್ಕೇ ಅಪ್ಪ ಇದನ್ನ ಸಂತೆಗೆ ಹೊಡ್ಕಂಡು ಬಂದೈತೆ. ನಾನೇ ಅಂದಿದ್ದು, ಯಾರೂ ಬಲವಂತ ಮಾಡ್ಲಿಲ್ಲ. ಅಂದ್ಮೇಲೆ ಬಿಟ್ಟು ಓಡೋಗೋದು ನಂಗೆ ಬರಾಕಿಲ್ಲ ಅನಂತರಾಮು ಅವ್ರೇ."

ಅವನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ತಲೆ ತಗ್ಗಿಸಿದ. ಕರುವನ್ನು ಸಂತೆಗೆ ಹೊಡೆಯಬೇಡಿ, ನಾನೇ ಕೊಳ್ಳುತ್ತೇನೆ ಎಂದು ಜೇಬಿಗೆ ಕೈ ಹಾಕಿದ. ಒಳಗಿನಿಂದ ಆಸ್ಪತ್ರೆಯ ಹಗ್ಗ ತರಲು ತಿರುಗಿದ.

"ಮಾರಾಕೆ ಬಂದಿಲ್ಲ ನಾನು," ಎಂದು ಅವಳು ತನ್ನ ಕೈಲಿದ್ದ ಹಗ್ಗದ ತುದಿಯನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. "ಇದು ತುಂಬೇದು."

ಅವನು ಹಗ್ಗವನ್ನು ನೋಡಿದ. ಕೊಟ್ಟಿಗೆಯ ಗೂಟಗಳ ಮುಂದೆ ಅವಳು ಹೇಳಿದ್ದು ನೆನಪಾಯಿತೆಂದು ಅವನ ಮುಖವೇ ಹೇಳಿತು.

"ಹೆಸರು ಇಟ್ಬಿಡಿ. ಕೇಳಿಸ್ಕಂಡು ಹೋಯ್ತೀನಿ."

ಅವಳು ಗೇಟಿನತ್ತ ನಡೆದಳು. ಗೇಟು ಮುಟ್ಟುವಾಗ ಅವನ ದನಿ ಬಂತು, ಮೊದಲು ಮೆಲ್ಲಗೆ, ಆಮೇಲೆ ಸ್ಪಷ್ಟವಾಗಿ: "ಚೆನ್ನಿಗ. ಬಾರೋ ಚೆನ್ನಿಗ."

ಊರೆಲ್ಲ ಅಂದಗೇಡಿ ಎಂದು ಕಲ್ಲು ಹೊಡೆದ ಜೀವಕ್ಕೆ ಅವನು ತನ್ನ ಮನೆದೇವರ ಹೆಸರಿಟ್ಟಿದ್ದ. ಅವಳು ತಿರುಗಿ ನೋಡಿದಳು. ಕಣ್ಣು ತುಂಬಿ ಸರಿಯಾಗಿ ಕಾಣದಿದ್ದರೂ, ಅವನು ನೋಡಲಿ ಎಂದು ನಿಂತು ನೋಡಿದಳು. ಅವನು ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದನ್ನು ಕರುವಿನ ಹೆಗಲ ಮೇಲಿಟ್ಟು ನಿಂತಿದ್ದ. ಕರು ಅವಳ ಕಡೆಗೇ ನೋಡುತ್ತಿತ್ತು.

ಗಾಡಿಯ ಹತ್ತಿರ ತಿಮ್ಮಯ್ಯ ಆಗಲೇ ಬಂದು ಕಾಯುತ್ತಿದ್ದ. ಬರಿಗೈಯಲ್ಲಿ ಬಂದ ಮಗಳನ್ನು ನೋಡಿದ. ಬೆಲೆಯನ್ನು ಕೇಳಲಿಲ್ಲ.

"ಹಗ್ಗ ಎಲ್ಲವ್ವ?"

"ಅದ್ರ ಜೊತೇಗೇ ಹೋಯ್ತಪ್ಪ."

ತಿಮ್ಮಯ್ಯ ಎತ್ತಿನ ಬೆನ್ನು ಸವರಿದ. ಆಮೇಲೆ ಹೆಗಲ ಮೇಲಿನ ಟವೆಲನ್ನು ತೆಗೆದು ಮಗಳ ಕೈಗೆ ಕೊಟ್ಟು, ಕೂರಲು ಜಾಗ ಬಿಟ್ಟು, ಜವಳಿ ಅಂಗಡಿಯ ಬೀದಿಗೆ ಗಾಡಿ ತಿರುಗಿಸಿದ.