ಕೆಂಪು ಹೊಳೆಯ ಮುದುಡಿದ ಅವಳಿಗಳು

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಲ್ಲಿತ್ತು ಎಂದು ಕೇಳುವವರಿಗೆ ನೇರವಾಗಿಯೇ ಹೇಳಿಬಿಡುತ್ತೇನೆ: ಅದು ಒಬ್ಬ ಬಡಗಿಯ ಮೈಯೊಳಗಿತ್ತು. ಅಲ್ಲಿ ಊರುಗಳಿದ್ದವು, ಬೀದಿಗಳಿದ್ದವು, ಒಂದು ಗಳಿಗೆಯೂ ನಿಲ್ಲದ ಕೆಂಪು ಹೊಳೆಯಿತ್ತು. ಹೊಳೆಯ ಎರಡೂ ದಡಗಳಲ್ಲಿ ಜನ ಒತ್ತೊತ್ತಾಗಿ ಬಾಳುತ್ತಿದ್ದರು. ದಡ ಉಳಿದರೆ ಅವರು ಉಳಿದಂತೆ.

ಯಕೃತ್ತೆಂಬ ಊರಿನಲ್ಲಿ ಒಬ್ಬ ಅಜ್ಜಿ ಇದ್ದಳು. ಅವಳು ಅವಳಿಗಳನ್ನು ಮಾಡಿ ಮಾಡಿ ಹೊಳೆಗೆ ಬಿಡುತ್ತಿದ್ದಳು. ಆ ಅವಳಿಗಳ ಮೈ ಮಣಿ ಪೋಣಿಸಿದ ಸರದಂಥದ್ದು. ಒಂದೊಂದು ಕಡೆಯ ಮಣಿಗಳಿಗೆ ಒಂದೊಂದು ಕೆಲಸ. ಬೆರಳ ತುದಿಯವು ದಡ ಒಡೆದಾಗ ಬೀಸುವ ಬಲೆ ಹಿಡಿಯುತ್ತವೆ, ತೋಳಿನವು ದಡದ ಕಂಬ ಹಿಡಿಯುತ್ತವೆ. ಎದೆಯ ಮೇಲೊಂದು ಮೂರೆಳೆಯ ಕೊಂಡಿ. ಅದು ದಡದ ಜನ ಹಿಡಿದುಕೊಳ್ಳಲೆಂದೇ ಇರುವುದು. ಕಡೆಗೆ ಅಣ್ಣನ ಪಾದಕ್ಕೂ ತಮ್ಮನ ಪಾದಕ್ಕೂ ಎರಡು ಗಂಟು ಹಾಕಿ ಕಟ್ಟಿದರೆ ಕೆಲಸ ಮುಗಿಯಿತು. ಪಂಡಿತರು ಈ ವಂಶಕ್ಕೆ ಫೈಬ್ರೊನೆಕ್ಟಿನ್ ಎಂದು ಹೆಸರಿಟ್ಟಿದ್ದಾರೆ. ಅಜ್ಜಿಗೆ ಅಷ್ಟುದ್ದದ ಹೆಸರು ಬೇಕಿರಲಿಲ್ಲ. ಅವತ್ತಿನ ಜೋಡಿಯಲ್ಲಿ ಅಣ್ಣನನ್ನು ಕೇತ ಎಂದಳು, ತಮ್ಮನನ್ನು ಬೊಪ್ಪ ಎಂದಳು.

"ಮಕ್ಕಳಾ, ಕೈಕಾಲು ಮಡಚಿ ಮುದುಡಿಕೊಂಡೇ ತೇಲಿ. ನಡುಹೊಳೆಯಲ್ಲಿ ಬಿಚ್ಚಿದಿರೋ, ಒಬ್ಬರಿಗೊಬ್ಬರು ತೊಡರಿ ಹೊಳೆಯೇ ಕಟ್ಟಿಹೋಗುತ್ತೆ. ಯಾರ ಮಾತಿಗೂ ಬಿಚ್ಚಬೇಡಿ. ಯಾರಾದರೂ ಕೊಂಡಿ ಹಿಡಿದು ಎಳೆದರೆ ಮಾತ್ರ ಬಿಚ್ಚಿ. ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಮಡಚೋದಿಲ್ಲ, ಅದು ನೆನಪಿರಲಿ."

"ಬಿಚ್ಚಿದ ಮೇಲೆ ನಾವು ಮನೆಗೆ ಬರೋದು ಯಾವಾಗ ಅಜ್ಜಿ?" ಎಂದ ಬೊಪ್ಪ.

"ಬರೋದಿಲ್ಲ ಕಂದಾ. ದಡವೇ ನಿಮ್ಮನೆ."

ಆ ಹೊಳೆಯಲ್ಲಿ ಹೊಂಗೊಂಚಲನೆಂಬ ಮಾಂತ್ರಿಕನಿದ್ದ. ಅವನ ಮೈ ಚಿನ್ನದ ದ್ರಾಕ್ಷಿಗೊಂಚಲಿನಂತಿತ್ತು. ಅವನಿಗೆ ಜನರ ಮನೆ ಹೊಗುವ ಆಸೆ. ಆದರೆ ಎದೆಯ ಕೊಂಡಿ ಅವನ ಕೈಗೆ ನಿಲ್ಲದು. ಅವಳಿಗಳ ಬೆರಳ ತುದಿ ಸಿಕ್ಕರೆ ಸಾಕು, ಅದನ್ನು ಹಿಡಿದು ಒಳಗೆ ನುಸುಳುತ್ತಿದ್ದ.

ಮೊದಲನೆಯ ಸಲ ಅವನು ಅಂಬಿಗನಾಗಿ ಬಂದ. "ಕೆಳಗೆ ದಡ ಒಡೆದಿದೆ, ಬೇಗ ಕೈ ಚಾಚ್ರಪ್ಪಾ!" ಎಂದ. "ಕೊಂಡಿ ಹಿಡಿದು ಎಳಿ ನೋಡೋಣ" ಎಂದ ಕೇತ. ಮಾಂತ್ರಿಕ ಹಲ್ಲು ಕಡಿದು ಹೋದ. ಕೇತ ಬಿಚ್ಚಲಿಲ್ಲ, ತೇಲಿದ.

ಎರಡನೆಯ ಸಲ ಅವನು ಮುದುಕಿಯಾಗಿ ಬಂದು ಗೋಳೋ ಎಂದು ಅತ್ತ. ಬೊಪ್ಪನ ಕಣ್ಣು ತುಂಬಿತು. "ಅಳು ಚೆನ್ನಾಗಿದೆ, ಎಲ್ಲಿ ಕಲಿತೆ?" ಎಂದ ಕೇತ. ಅವನು ಬಿಚ್ಚಲಿಲ್ಲ, ತೇಲಿದ.

ಎರಡು ಸಲವೂ ಕೇತನದೇ ಸರಿಯಾಯಿತು. ಕೆಟ್ಟಿದ್ದು ಅಲ್ಲೇ. ಅಜ್ಜಿಯ ಕಟ್ಟಳೆ ಅವನಿಗೆ ಸಾಲದೆಂದು ಕಂಡಿತು. "ಇನ್ನು ಮೇಲೆ ಕೊಂಡಿ ಹಿಡಿದವರನ್ನೂ ಮೂರು ಪ್ರಶ್ನೆ ಕೇಳಬೇಕು. ಯಾವ ಬೀದಿ, ಯಾರ ಮನೆ, ಯಾರು ಸಾಕ್ಷಿ" ಎಂದ.

"ಅಜ್ಜಿ ಹಾಗೆ ಹೇಳಿರಲಿಲ್ಲ ಕಣಣ್ಣಾ."

"ಅಜ್ಜಿ ಹೊಳೆಗಿಳಿದವಳಲ್ಲ. ನೀನು ಸುಮ್ಮನಿರು."

ಒಂದು ಮಧ್ಯಾಹ್ನ ಬಡಗಿಯ ಉಳಿ ಜಾರಿತು. ಅವನಿಗೆ ಅದು ಹೆಬ್ಬೆರಳ ಗಾಯ; ರಾಜ್ಯಕ್ಕೆ ಪ್ರಳಯ. ದಡ ಬಿರಿಯಿತು, ಕೆಂಪು ನೀರು ಹೊರಗೆ ನುಗ್ಗಿತು. ಬಲೆಗಾರರು ಓಡಿಬಂದು ಬಲೆ ಬೀಸಿದರು. ಕೊಚ್ಚಿಹೋಗುತ್ತಿದ್ದ ಸಿರಿಯವ್ವನೆಂಬ ಹೆಂಗಸು ಕೇತನ ಎದೆಯ ಕೊಂಡಿ ಹಿಡಿದು ಬಲವಾಗಿ ಎಳೆದಳು.

"ಅಣ್ಣಾ, ಬಿಚ್ಚು! ಕಾಲಿಗೆ ನೆಲ ಸಿಗ್ತಿಲ್ಲ!"

"ಯಾವ ಬೀದಿ?"

"ಅಂಚಿನ ಬೀದಿ! ಬಿಚ್ಚಣ್ಣಾ!"

"ಯಾರ ಮನೆ?"

"ಅಣ್ಣಾ, ಕೊಂಡಿ ಹಿಡಿದಿದ್ದಾಳಲ್ಲೋ! ಬಿಚ್ಚೋ!" ಎಂದು ಬೊಪ್ಪ ಕಿರುಚಿದ. ಪಾದಕ್ಕೆ ಎರಡು ಗಂಟು. ಅಣ್ಣ ಬಿಗಿದು ಕೂತರೆ ತಮ್ಮ ಬಿಚ್ಚಲಾರ.

"ಯಾರು ಸಾಕ್ಷಿ?" ಎಂದ ಕೇತ.

ಕೊಂಡಿ ಹಗುರಾಗಿತ್ತು. ಸಿರಿಯವ್ವ ನೀರಿನ ಜೊತೆ ರಾಜ್ಯದಾಚೆಗೆ ಹೋಗಿದ್ದಳು.

ಅವಳ ಹಿಂದೆಯೇ ಬಂದ ತಂಗಿ ಜಕ್ಕವ್ವ ಅದೇ ಕೊಂಡಿಗೆ ಜೋತುಬಿದ್ದಳು. ಈ ಸಲ ಕೇತ ಏನನ್ನೂ ಕೇಳಲಿಲ್ಲ, ಬಿಚ್ಚಿದ. ಮಡಿಕೆ ಮಡಿಕೆಯಾಗಿ ಅವಳಿಗಳಿಬ್ಬರೂ ತೆರೆದುಕೊಂಡರು. ಒಂದು ಕೈ ಬಲೆಗೆ, ಒಂದು ತೋಳು ಕಂಬಕ್ಕೆ. ಅವರನ್ನು ನೋಡಿ ಉಳಿದ ಅವಳಿಗಳೂ ಬಿಚ್ಚಿ, ತೋಳಿಗೆ ತೋಳು ಕೋದು, ನೂಲು ನೂಲಾಗಿ ಹೆಣೆದುಕೊಂಡರು. ನೀರು ನಿಂತಿತು.

ಆಗ ಹೊಂಗೊಂಚಲ ನಗುತ್ತಾ ಬಂದು ಕೇತನ ಬೆರಳ ತುದಿ ಹಿಡಿದ. "ಈಗ ಮಡಚು ನೋಡೋಣ!" ಎಂದ.

"ಮಡಚೋದಿಲ್ಲ. ನೀನೂ ಇಲ್ಲಿಂದ ಹೋಗೋದಿಲ್ಲ" ಎಂದ ಕೇತ ಅವನನ್ನು ಬಿಗಿಯಾಗಿ ಅಂಟಿಸಿಕೊಂಡು, "ಇಲ್ಲಿದ್ದಾನೆ, ಬನ್ನಿ!" ಎಂದು ಕೂಗಿದ. ಹೊಳೆಯನ್ನು ಕಾಯುವ ಬಿಳಿಯಾನೆಗಳು ಬಂದವು. ಮಾಂತ್ರಿಕನನ್ನು ಗೊಂಚಲು ಸಮೇತ ನುಂಗಿದವು.

ಗಂಡಾಂತರ ಕಳೆಯಿತು. ಹೊಸ ದಡ ಕಟ್ಟುವ ಜನ ಕೇತನ ತೋಳನ್ನೇ ಸೇತುವೆ ಮಾಡಿಕೊಂಡು, ಕೊಂಡಿಯಿಂದ ಕೊಂಡಿಗೆ ಕೈಯಿಡುತ್ತಾ ಆಚೆಗೆ ದಾಟತೊಡಗಿದರು. ಜಕ್ಕವ್ವ ನಡುವೆ ನಿಂತಳು.

"ನಮ್ಮಕ್ಕ ಕೂಗಿದ್ದು ನಿನಗೆ ಕೇಳಿಸಲಿಲ್ಲವೇನೋ?"

"ಕೇಳಿಸ್ತು ತಾಯೀ."

"ಎಳೆದಿದ್ದು ಗೊತ್ತಾಗಲಿಲ್ಲವೇನೋ?"

"ಗೊತ್ತಾಯ್ತು."

ಗೊತ್ತಾಗಲಿಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು. ಬೊಪ್ಪ ಅಣ್ಣನ ಮುಖ ನೋಡಿದ. ಜಕ್ಕವ್ವ ಕೊಂಡಿಯ ಮೇಲೆ ತನ್ನ ಪೂರ್ತಿ ಭಾರ ಹಾಕಿ ದಾಟಿದಳು. ಹಿಂತಿರುಗಿ ನೋಡಲಿಲ್ಲ.

ಗಾಯ ಮಾಯಿತು, ಬಡಗಿ ಮತ್ತೆ ಕೆಲಸಕ್ಕೆ ಕೂತ, ಹೆಬ್ಬೆರಳ ಮೇಲೊಂದು ಬಿಳಿ ಗೆರೆ ಉಳಿಯಿತು. ದಡದ ಜನರೆಲ್ಲ ಬಹುಕಾಲ ಸುಖವಾಗಿ ಬಾಳಿದರು. ಕೇತನೂ ಹಾಗೆಯೇ ಬಾಳಿದ ಎಂದು ಬರೆದರೆ ಕತೆ ಚೆಂದವಾಗಿ ಮುಗಿಯುತ್ತದೆ, ಆದರೆ ಅದು ಸುಳ್ಳು. ಅವನು ದಡವನ್ನು ಹಿಡಿದುಕೊಂಡಿದ್ದ, ಅಷ್ಟೇ.