ತಲೆಪಟ್ಟಿಯ ಅಳತೆ

ಆ ದಿನ ಬೆಳಗ್ಗೆ ಚನ್ನಪಟ್ಟಣದ ಮೇಲೆ ಮಂಜು ದಟ್ಟವಾಗಿ ಇಳಿದಿತ್ತು. ಶರ್ಫುನ್ನೀಸಾಳ ಕೊಟ್ಟಿಗೆಯಲ್ಲಿ ರೇಷ್ಮೆಗೂಡು ಬೇಯುವ ಹಬೆ ಎಲ್ಲಿ ಮುಗಿಯಿತು, ಶಿವ ಕಳಿಸಿದ ಮಂಜು ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಆ ಬಿಳುಪಿನ ನಡುವೆ ಕೂತು ಸರ್ವಮಂಗಳ ಬಿಸಿನೀರಿನಲ್ಲಿ ಎಳೆ ಹುಡುಕುತ್ತಿದ್ದಳು. ಮುಂಗೂದಲು ಮತ್ತೆಮತ್ತೆ ಕಣ್ಣಿಗೆ ಬೀಳುತ್ತಿತ್ತು.

"ತಲೆಪಟ್ಟಿ ಎಲ್ಲಿ ಬೇಟಿ?" ಎಂದಳು ಶರ್ಫುನ್ನೀಸಾ.

"ರೇವಣಸಿದ್ದಯ್ಯ ಈಸ್ಕೊಂಡೋದ ಚಾಚಿ, ನಾಟಕದ ಕಿರೀಟದ ಅಳತೆಗೆ ಅಂತ. ತಿಂಗಳಾಯ್ತು."

"ಅವನ ತಲೆ ಅಳೆಯಾಕೆ ನಿನ್ನ ಪಟ್ಟಿ ಯಾಕೆ? ಅವನ ಮನೇಲಿ ಒಂದು ದಾರ ಇಲ್ವಾ?"

ಸರ್ವಮಂಗಳ ಬಿಸಿನೀರಿನ ಮೇಲೆ ಇನ್ನಷ್ಟು ಬಾಗಿದಳು. ಮುಖ ಕೆಂಪಾಯಿತು, ಹಬೆ ಜಾಸ್ತಿಯಾಯಿತು ಎಂದು ಒಲೆಯನ್ನು ಬೈದಳು.

ರೇಷ್ಮೆ ಬಿಚ್ಚುವ ಹೆಂಗಸರೆಲ್ಲ ಹಬೆಗೆ ಕೂದಲು ಅಂಟದಿರಲೆಂದು ಬಟ್ಟೆಯ ಪಟ್ಟಿ ಕಟ್ಟಿಕೊಳ್ಳುತ್ತಾರೆ. ದಿನವೂ ಒಂದೇ ಕಡೆ ಗಂಟು ಬಿದ್ದು, ಬಿಚ್ಚಿದ ಮೇಲೂ ಸುಕ್ಕು ನಿಲ್ಲುತ್ತದೆ. ಪಟ್ಟಿ ತನ್ನನ್ನು ಕಟ್ಟಿದವಳ ತಲೆಯನ್ನು ಮರೆಯುವುದಿಲ್ಲ.

ಸರ್ವಮಂಗಳ, ರೇವಣಸಿದ್ದಯ್ಯ ಇಬ್ಬರೂ ಹೈಸ್ಕೂಲಿನ ಕೊನೆಯ ತರಗತಿ. ಬೆಳಗ್ಗೆ ಅವಳು ಇಲ್ಲಿ; ಸಂಜೆ ಅವನು ಅಸದುಲ್ಲಾ ಸಾಹೇಬರ ಬೊಂಬೆ ಅಂಗಡಿಯಲ್ಲಿ, ಹಾಲೆಮರ ಕಡೆದು ಅರಗಿನ ಬಣ್ಣ ಹಚ್ಚುವವನು. ಇವೆರಡರ ನಡುವೆ ಪಾಠ, ಪಾಠದ ನಡುವೆ ನಾಟಕ. ಇವತ್ತು ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ವಾರ್ಷಿಕೋತ್ಸವ.

ನಾಟಕದ ರಾಣಿ ಐದು ಹಾಡು ಹಾಡಬೇಕು. ಹಾಗೆ ಹಾಡಬಲ್ಲವಳು ಸರ್ವಮಂಗಳ ಒಬ್ಬಳೇ. ಆದರೆ ನಾಟಕದ ಮೇಷ್ಟ್ರು ಪಂಚಾಕ್ಷರಯ್ಯನವರು ಮೊದಲ ದಿನವೇ ಹೇಳಿಬಿಟ್ಟಿದ್ದರು: "ಹೆಣ್ಮಗು ರಂಗಕ್ಕೆ ಬಂದ್ರೆ ಊರು ಸುಮ್ಕಿರ್ತದಾ? ನೀನು ಪರದೆ ಹಿಂದೆ ನಿಂತು ಹಾಡವ್ವ. ರೇವಣಸಿದ್ದ ಸೀರೆ ಉಟ್ಟು ಮುಂದೆ ಬಾಯಿ ಆಡಿಸ್ತಾನೆ."

ಅವನು ತಲೆ ತಗ್ಗಿಸಿ ಒಪ್ಪಿಕೊಂಡಿದ್ದ. ಆ ಒಪ್ಪಿಗೆ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ರಿಹರ್ಸಲ್‌ನಲ್ಲಿ ಅವಳ ಸ್ವರ ಮೇಲೇರಿದಾಗೆಲ್ಲ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಪರದೆಯ ಹರುಕಿನಿಂದ ಅವಳು ಅದನ್ನು ಕಂಡಿದ್ದಳು. ಸ್ವರದ ಬೆಲೆ ಗೊತ್ತಿದ್ದೂ ಒಪ್ಪಿದನಲ್ಲ ಎಂದು ಮುಳ್ಳು ಇನ್ನಷ್ಟು ಒಳಗಿಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿ ಬಿಸಿಲು ಬಿತ್ತು. ರೇವಣಸಿದ್ದಯ್ಯ ಅರಿಸಿನ ಬಣ್ಣದ ಮರದ ಕಿರೀಟ ತಂದ. ತಲೆಗಿಟ್ಟರೆ ಕೂರಲೇ ಇಲ್ಲ. ಕೊಬ್ಬರಿ ಚಿಪ್ಪಿನಂತೆ ನೆತ್ತಿಯ ಮೇಲೆ ನಿಂತಿತು.

"ಹಸಿಮರ ಕಡೆದ್ಬುಟ್ಟವ್ನೆ ಕಣ್ರಲಾ, ಒಣಗಿ ಕುಗ್ಗೈತೆ!" ಹುಡುಗರು ಬಿದ್ದುಬಿದ್ದು ನಕ್ಕರು.

"ದಾರ ಹಾಕಿ ಕಟ್ಕೊಳ್ಲಾ, ತಲೆಹರಟೆ," ಎಂದು ಮೇಷ್ಟ್ರು ಗದರಿದರು.

ಸರ್ವಮಂಗಳ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ನನ್ನ ಪಟ್ಟಿ ಕೊಡಾಕಿಲ್ವಾ?"

"ಅಳತೆ ಮುಗುದಿಲ್ಲ."

"ನಿನ್ನ ತಲೆ ಅಷ್ಟು ದಪ್ಪನಾ?"

"ಅದು ನಿಂಗೇ ಗೊತ್ತಿರಬೇಕು," ಎಂದು ಕಾಡಿಗೆ ಹಚ್ಚಿದ ಕಣ್ಣಲ್ಲಿ ಅವಳನ್ನು ನೋಡಿ ಅರ್ಧ ನಕ್ಕ. ಅವಳು ಸರಕ್ಕನೆ ತಿರುಗಿ ಪರದೆಯ ಹಿಂದೆ ಹೋದಳು. ಮನಸ್ಸು ಗಟ್ಟಿಯಾಗಿತ್ತು: ನಾಲ್ಕು ಹಾಡು ಹಾಡುತ್ತೇನೆ, ಐದನೆಯದನ್ನು ಹಾಡುವುದಿಲ್ಲ. ಶಿವನು ಕೊಟ್ಟ ದನಿಯನ್ನು ಇನ್ನೊಬ್ಬರ ಬಾಯಿಗೆ ಸಾಲ ಕೊಟ್ಟದ್ದು ಸಾಕು.

ನಾಲ್ಕು ಹಾಡಿಗೂ ಜನ ಚಪ್ಪಾಳೆ ತಟ್ಟಿದರು. ಐದನೆಯದಕ್ಕೆ ಹಾರ್ಮೋನಿಯಂ ಶುರುವಾಯಿತು. ರಾಣಿಯ ತುಟಿ ಅಲುಗಿತು. ದನಿ ಬರಲಿಲ್ಲ.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. "ಹಾಡವ್ವ, ಮರ್ಯಾದೆ ಹೋಗ್ತದೆ!" ಮೇಷ್ಟ್ರು ಪಕ್ಕದಿಂದ ಪಿಸುಗುಟ್ಟಿದರು.

"ಹಾಡಾಕಿಲ್ಲ ಸಾ," ಎಂದಳು, ಪಿಸುಗುಟ್ಟದೆ.

ಈಗ ಅವನು ನಾಚಿಕೆಯಿಂದ ಓಡುತ್ತಾನೆ ಎಂದುಕೊಂಡಳು. ಅವನು ಓಡಲಿಲ್ಲ. ನಿಧಾನವಾಗಿ ತಿರುಗಿ ಪರದೆಯನ್ನು ಪೂರ್ತಿ ಪಕ್ಕಕ್ಕೆಳೆದ. ಬಿಸಿಲು ಅವಳ ಮುಖಕ್ಕೆ ಬಿತ್ತು.

"ಇಷ್ಟೊತ್ತೂ ಹಾಡಿದ್ದು ಇವ್ಳು," ಎಂದ ಸಭೆಗೆ. "ನಂದು ಬರೀ ಬಾಯಿ." ದಾರ ಬಿಚ್ಚಿ ಕಿರೀಟವನ್ನು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ. "ನಾನು ಹಸಿಮರ ಕಡೆಯಾಕಿಲ್ಲ ಮಂಗಳಾ. ಹಾಕ್ಕೊಂಡು ನೋಡು."

ಅವಳೇ ತೊಟ್ಟಳು. ಕಿವಿಯ ಮೇಲೆ, ಹಣೆಯ ಅಂಚಿನಲ್ಲಿ, ದಿನವೂ ಪಟ್ಟಿ ಕೂರುತ್ತಿದ್ದ ಜಾಗದಲ್ಲೇ ಕಿರೀಟ ಕೂತಿತು. ಕೂದಲೆಳೆಯಷ್ಟೂ ಅಲುಗಲಿಲ್ಲ. ಆಗ ಅವಳಿಗೆ ತಿಳಿಯಿತು, ತಿಂಗಳಿಂದ ಅವನು ಅಳೆದದ್ದು ಯಾರ ತಲೆ ಎಂದು.

"ಇಳೀರಿ ಇಬ್ರೂ!" ಮೇಷ್ಟ್ರು ಕೂಗಿದರು.

"ಹಾಡಿ ಇಳೀತೀನಿ ಸಾ," ಎಂದಳು ಸರ್ವಮಂಗಳ. ಹಾಡಿದಳು. ಹಿಂದಿನ ಬೆಂಚಿನಲ್ಲಿ ಬುರ್ಖಾದೊಳಗೆ ಕೂತಿದ್ದ ಶರ್ಫುನ್ನೀಸಾ ಮೊದಲು ಚಪ್ಪಾಳೆ ತಟ್ಟಿದಳು. ಕೆಲವರು ಎದ್ದು ಹೋದರು. ಉಳಿದವರು ಚಪ್ಪಾಳೆ ನಿಲ್ಲಿಸಲಿಲ್ಲ.

ನಾಟಕ ಮುಗಿದ ಮೇಲೆ, ಇಬ್ಬರ ಮೇಲಿನ ದೂರೂ ಹೆಡ್‌ಮಾಸ್ಟರ ಮೇಜಿನ ಮೇಲಿತ್ತು. ಹುಣಿಸೆಮರದ ಕೆಳಗೆ ಅವರು ಕರೆಗಾಗಿ ಕಾಯುತ್ತ ನಿಂತರು.

"ಹೆದರಿಕೆ ಆಯ್ತದಾ?" ಎಂದ ಅವನು.

"ನೀನು ಪಕ್ಕದಲ್ಲಿದ್ರೆ ಇಲ್ಲ."

ಅವನು ಉಟ್ಟಿದ್ದ ಸೀರೆಯ ಮಡಿಲಿಗೆ ಕೈ ಹಾಕಿ ಪುಟ್ಟದಾಗಿ ಮಡಿಚಿದ ಬಟ್ಟೆಯೊಂದನ್ನು ತೆಗೆದ. ಒಗೆದ ತಲೆಪಟ್ಟಿ. ಗಂಟಿನ ಸುಕ್ಕನ್ನು ಮಾತ್ರ ಹಾಗೇ ಉಳಿಸಿದ್ದ; ಅಲ್ಲೊಂದು ಅರಗಿನ ಹಳದಿ ಕಲೆ.

"ಇನ್ನು ಬೇಡ್ವಾ?" ಎಂದಳು ಅವಳು.

"ಅಳತೆ ಬಾಯಿಪಾಠ ಆಗೈತೆ," ಎಂದು ಅವಳ ಅಂಗೈಯಲ್ಲಿಟ್ಟ.